ರಾತ್ರಿ ಎರಡು ಗಂಟೆಗೆ ಆ ಬಾಗಿಲು ಹೇಗೆ ಸದ್ದು ಮಾಡುತ್ತದೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನಾನು ಎರಡು ಬಾರಿ ಮಾನಸಿಕ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದುದನ್ನು ಬರೆದಿದ್ದೆ. ಅದಾಗಿ ಹಲವು ವರ್ಷಗಳ ಮೇಲೆ, ಹೊಸದಾಗಿ ಕಟ್ಟುತ್ತಿದ್ದ ಇನ್ನೊಂದು ಆಸ್ಪತ್ರೆಯ ವಿನ್ಯಾಸ ಸಮಿತಿಯಲ್ಲಿ ಚಿಕಿತ್ಸೆ ಪಡೆದವರ ಪರವಾಗಿ ಕುಳಿತದ್ದನ್ನೂ ಎರಡು ಸಾಲಿನಲ್ಲಿ ಹೇಳಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಪತ್ರಗಳು ಈ ಅಂಕಣಕ್ಕೆ ಹಿಂದೆಂದೂ ಬಂದಿರಲಿಲ್ಲ. ಹಾಗಾಗಿ ಈ ಬಾರಿ ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದೊಂದೇ ವಿಷಯಕ್ಕೆ ಉತ್ತರಿಸುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ವಾಸ್ತುಶಿಲ್ಪಿ. ನಮ್ಮ ಕಚೇರಿಗೆ ಮೊದಲ ಬಾರಿಗೆ ಒಂದು ಮಾನಸಿಕ ಆಸ್ಪತ್ರೆಯ ಕೆಲಸ ಬಂದಿದೆ. ನಕ್ಷೆ ಬಹುತೇಕ ಸಿದ್ಧವಾಗಿದೆ. ಮುಂದಿನ ತಿಂಗಳು ಚಿಕಿತ್ಸೆ ಪಡೆದ ಹತ್ತು ಹದಿನೈದು ಮಂದಿಯನ್ನು ಕರೆದು, ನಕ್ಷೆ ತೋರಿಸಿ, ಅಭಿಪ್ರಾಯ ಪಡೆಯಬೇಕೆಂದಿದ್ದೇವೆ. ಒಂದು ದಿನದ ಸಭೆ ಸಾಕೇ?

ಉತ್ತರ: ಸಾಲದು. ನಕ್ಷೆ ಸಿದ್ಧವಾದ ಮೇಲೆ ಕೇಳುವುದಕ್ಕೆ ಉಳಿಯುವುದು ಪರದೆಯ ಬಣ್ಣವೊಂದೇ.

ನಾನು ಹೋದ ಮೊದಲ ಸಭೆಯಲ್ಲಿ ಆದದ್ದೂ ಅದೇ. ಮೇಜಿನ ಮೇಲೆ ಆಸ್ಪತ್ರೆಯ ಪುಟ್ಟ ಮಾದರಿ ಇತ್ತು. ಬೆರಳುದ್ದದ ಮರಗಳು, ಗಾಜಿನ ಮುಂಗಟ್ಟು, ಎಲ್ಲವೂ ಅಚ್ಚುಕಟ್ಟು. ನಮ್ಮ ಮುಂದೆ ಮೂರು ಬಟ್ಟೆಯ ತುಂಡುಗಳನ್ನಿಟ್ಟು ಯಾವುದು ಹಿಡಿಸಿತು ಎಂದು ಕೇಳಿದರು. ನಮ್ಮ ಗುಂಪಿನಲ್ಲಿ ಏಳು ಬಾರಿ ದಾಖಲಾಗಿ ಬಂದ ಹಿರಿಯರೊಬ್ಬರಿದ್ದರು. ಅವರು ಬಟ್ಟೆಯನ್ನು ಮುಟ್ಟಲಿಲ್ಲ. ಮಾದರಿಯ ಸುತ್ತ ಒಂದು ಸುತ್ತು ಬಂದು, ‘ನನ್ನನ್ನು ಕರೆತರುವ ಬಾಗಿಲು ಎಲ್ಲಿದೆ?’ ಎಂದರು. ಇರುವುದು ಒಂದೇ ಬಾಗಿಲು, ಆ ಗಾಜಿನ ಮುಂಗಟ್ಟಿನದೇ ಎಂದು ಉತ್ತರ ಬಂತು. ‘ಹಾಗಾದರೆ ಇಬ್ಬರು ನನ್ನ ಎರಡು ತೋಳು ಹಿಡಿದು, ನಾನು ಕೂಗಾಡುತ್ತಾ ಬರುವುದನ್ನು ಅಲ್ಲಿ ಕುಳಿತವರೆಲ್ಲ ನೋಡುತ್ತಾರೆ. ಗುಣವಾಗಿ ಹೋಗುವಾಗಲೂ ಅದೇ ಜನರ ಮುಂದೆಯೇ ನಡೆದು ಹೋಗಬೇಕು’ ಎಂದರು ಅವರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆ ತಂಡದ ಮುಖ್ಯ ವಾಸ್ತುಶಿಲ್ಪಿಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ, ಏಕೆಂದರೆ ಅವರು ಬಟ್ಟೆಯ ತುಂಡುಗಳನ್ನು ಎತ್ತಿಟ್ಟರು. ಎರಡು ವಾರ ಬಿಟ್ಟು ಖಾಲಿ ಹಾಳೆ ಹಿಡಿದು ಮತ್ತೆ ಬಂದರು.

ನೀವೂ ಖಾಲಿ ಹಾಳೆ ಹಿಡಿದು ಹೋಗಿ. ‘ನಿಮಗೆ ಎಂಥ ಆಸ್ಪತ್ರೆ ಬೇಕು’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ತೋಟ, ಗಾಳಿ, ಬೆಳಕು ಎನ್ನುತ್ತಾರೆ. ಅದು ನಿಮಗೂ ಗೊತ್ತಿರುವುದೇ. ಗಂಟೆಗಳ ಲೆಕ್ಕದಲ್ಲಿ ಕೇಳಿ. ಒಳಗೆ ಕಾಲಿಟ್ಟ ಮೊದಲ ಒಂದು ಗಂಟೆ ಹೇಗಿತ್ತು? ಕೈಚೀಲ ಕಸಿದುಕೊಂಡದ್ದು ಎಲ್ಲಿ? ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಕಣ್ಣಿಗೆ ಏನು ಬೀಳುತ್ತಿತ್ತು, ಕಿವಿಗೆ ಏನು ಬೀಳುತ್ತಿತ್ತು? ಅಮ್ಮ ನೋಡಲು ಬಂದಾಗ ಅಳುವುದಕ್ಕೆ ಜಾಗವಿತ್ತೇ? ಭಾನುವಾರ ಮಧ್ಯಾಹ್ನ ಏನು ಮಾಡುತ್ತಿದ್ದಿರಿ?

ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ಮೊದಲು ಕನ್ನಡಿಯ ವಿಷಯ ಹೇಳುತ್ತಿದ್ದೆ. ನಾನಿದ್ದ ವಾರ್ಡಿನ ಬಚ್ಚಲಲ್ಲಿ ಗಾಜಿನ ಕನ್ನಡಿ ಅಪಾಯವೆಂದು ಗೋಡೆಗೆ ಹೊಳಪು ಕೊಟ್ಟ ಉಕ್ಕಿನ ತಗಡು ಬಡಿದಿದ್ದರು. ಅಪಾಯ ನಿಜವೇ. ಆದರೆ ತಗಡು ನಡುವೆ ಸ್ವಲ್ಪ ತಗ್ಗಿತ್ತು. ದಾಖಲಾದ ಎರಡನೆಯ ದಿನ, ನನ್ನ ಮನಸ್ಸು ನನ್ನ ಹಿಡಿತದಲ್ಲಿ ಇಲ್ಲದಿದ್ದಾಗ, ಅದರಲ್ಲಿ ಮುಖ ನೋಡಿಕೊಂಡೆ. ಒಂದು ಕಣ್ಣು ಕೆನ್ನೆಯವರೆಗೆ ಇಳಿದಿತ್ತು, ಬಾಯಿ ಇರಲಿಲ್ಲ. ನಾನು ಸತ್ತಿದ್ದೇನೆ, ಇದು ಯಾರದೋ ಮುಖ ಎಂದು ಮೂರು ದಿನ ನಂಬಿದ್ದೆ. ಮೂರು ದಿನವೂ ಬಚ್ಚಲಿಗೆ ಹೋಗಲು ಒಪ್ಪಲಿಲ್ಲ. ರೋಗಿ ಸ್ನಾನಕ್ಕೆ ನಿರಾಕರಿಸುತ್ತಿದ್ದಾಳೆ ಎಂದು ಕಡತದಲ್ಲಿ ಬರೆದರು. ಒಡೆಯದ, ಆದರೆ ಮುಖವನ್ನು ಮುಖದಂತೆಯೇ ತೋರಿಸುವ ಕನ್ನಡಿ ಸಿಗುತ್ತದೆ ಎಂಬುದು ಸಮಿತಿಯಲ್ಲಿ ಕುಳಿತ ಮೇಲೆ ನನಗೆ ತಿಳಿಯಿತು. ತಗಡನ್ನು ಆರಿಸಿದವರು ಕೆಟ್ಟವರಾಗಿರಲಿಲ್ಲ. ಅದರ ಮುಂದೆ ನಿಂತವರನ್ನು ಅವರು ಒಮ್ಮೆಯೂ ವಿಚಾರಿಸಿರಲಿಲ್ಲ, ಅಷ್ಟೆ.

ಇನ್ನೊಂದು ಮಾತು. ನಕ್ಷೆ ಓದಲು ಎಲ್ಲರಿಗೂ ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ನಮ್ಮ ತಂಡದವರು ಒಂದು ಖಾಲಿ ಸಭಾಂಗಣದ ನೆಲಕ್ಕೆ ಟೇಪು ಅಂಟಿಸಿ, ದಪ್ಪ ರಟ್ಟಿನಲ್ಲಿ ಗೋಡೆ ನಿಲ್ಲಿಸಿ, ಒಂದು ಮಲಗುವ ಕೋಣೆಯನ್ನು ಅದರ ನಿಜವಾದ ಅಳತೆಯಲ್ಲೇ ಮಾಡಿ ತೋರಿಸಿದರು. ಅದರೊಳಗಿನ ಮಂಚದ ಮೇಲೆ ನಾನು ಮಲಗಿದೆ. ಬಾಗಿಲು ತಲೆಯ ಹಿಂದೆ ಬಿದ್ದಿತ್ತು. ಯಾರು ಬಂದರೂ ಮೊದಲು ಕೇಳಿಸುತ್ತಾರೆ, ಆಮೇಲೆ ಕಾಣಿಸುತ್ತಾರೆ. ಹೆದರಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಹಿಂಸೆಯಿಲ್ಲ. ವಾಸ್ತುಶಿಲ್ಪಿಗೂ ಮಲಗಿ ನೋಡಿ ಎಂದೆ. ಅವರು ಮಲಗಿದರು, ಎದ್ದರು, ಮಂಚದ ದಿಕ್ಕು ತಿರುಗಿಸಿದರು. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ 1933ರಲ್ಲಿ ಮುಗಿದ ಪೈಮಿಯೊ ಕ್ಷಯ ಚಿಕಿತ್ಸಾಲಯವನ್ನು ರೂಪಿಸಿದ್ದೇ ಮಲಗಿರುವ ಮನುಷ್ಯನ ಕಣ್ಣಿನಿಂದ. ಚಾವಣಿಯ ಬಣ್ಣ ಕಣ್ಣು ಚುಚ್ಚದಂತೆ ಗಾಢವಾಗಿತ್ತು. ಪಕ್ಕದ ಮಂಚದವರ ನಿದ್ದೆ ಕೆಡದಂತೆ ನೀರು ಸದ್ದಿಲ್ಲದೆ ಬೀಳುವ ಕೈತೊಳೆಯುವ ಬೋಗುಣಿಯನ್ನು ಆತ ಅದಕ್ಕಾಗಿಯೇ ಮಾಡಿದ್ದ. ನಿಮ್ಮ ಕಸುಬಿನಲ್ಲೇ ಇಂಥ ದಾರಿ ಇದೆ, ಹೊಸದಾಗಿ ಹುಡುಕಬೇಕಾಗಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಸ್ಕಿಜೋಫ್ರೀನಿಯಾ. ಅವನು ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯವರು ಹೊಸ ಕಟ್ಟಡದ ಬಗ್ಗೆ ಅವನ ಅಭಿಪ್ರಾಯ ಕೇಳುತ್ತಿದ್ದಾರೆ. ಅವನು ಒಂದು ದಿನ ಹೇಳಿದ್ದನ್ನು ಮರುದಿನ ಹೇಳುವುದಿಲ್ಲ. ಗೋಡೆ ಹತ್ತಿರ ಸರಿಯುತ್ತದೆ ಎನ್ನುತ್ತಾನೆ. ತಂದೆಯಾಗಿ ನೋವಿನಿಂದಲೇ ಕೇಳುತ್ತಿದ್ದೇನೆ, ಅವನ ಮಾತಿಗೆ ಬೆಲೆ ಇದೆಯೇ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಬೆಲೆ ಖಂಡಿತ ಇದೆ, ಮತ್ತು ಗೋಡೆ ಹತ್ತಿರ ಸರಿಯುತ್ತದೆ ಎಂಬ ಮಾತಿಗೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಇದೆ. ಆ ಕಟ್ಟಡ ಕಟ್ಟುತ್ತಿರುವುದು ಗೋಡೆ ಸರಿಯುವಂತೆ ಕಾಣುವ ದಿನಗಳಿಗಾಗಿಯೇ. ಕಾಯಿಲೆಯಲ್ಲಿ ಕಂಡದ್ದು ಸುಳ್ಳು, ವಾಸಿಯಾದ ಮೇಲೆ ಹೇಳಿದ್ದು ಮಾತ್ರ ನಿಜ ಎಂದು ತಳ್ಳಿಬಿಟ್ಟರೆ, ಆ ಕಾರಿಡಾರು ಯಾರಿಗೆ ಹೇಗೆ ಕಾಣುತ್ತದೆ ಎಂಬುದು ಕಟ್ಟುವವನಿಗೆ ಎಂದಿಗೂ ತಿಳಿಯುವುದಿಲ್ಲ.

ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ 1951ರಲ್ಲಿ ಕೆನಡಾದ ವೇಬರ್ನ್ ಮಾನಸಿಕ ಆಸ್ಪತ್ರೆಗೆ ಬಂದ. ಆ ದೈತ್ಯ ಕಟ್ಟಡವೇ ರೋಗಿಗಳನ್ನು ಇನ್ನಷ್ಟು ಕಂಗೆಡಿಸುತ್ತಿದೆ ಎಂಬುದು ಅವನ ಅನುಮಾನ. ಹೊಸ ಬಗೆಯ ಆಸ್ಪತ್ರೆ ರೂಪಿಸಲು ಕಿಯೊ ಇಜುಮಿ ಎಂಬ ವಾಸ್ತುಶಿಲ್ಪಿ ಜೊತೆಯಾದ. ಕಾಯಿಲೆಯಲ್ಲಿರುವವರ ಕಣ್ಣಿಗೆ ಆಸ್ಪತ್ರೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಇಜುಮಿ ಭ್ರಮೆ ಹುಟ್ಟಿಸುವ ಮದ್ದಾದ ಎಲ್‌ಎಸ್‌ಡಿ ಸೇವಿಸಿ ವಾರ್ಡುಗಳಲ್ಲಿ ತಿರುಗಾಡಿದ. ಉದ್ದನೆಯ ಕಾರಿಡಾರು ಕೊನೆಯೇ ಇಲ್ಲದಂತೆ ಕಂಡಿತು. ಬಾಗಿಲಿಲ್ಲದ ಕಪ್ಪು ಬೀರು ಬಾಯ್ದೆರೆದ ಗವಿಯಂತೆ ಕಂಡಿತು. ಮಂಚ ಎತ್ತರವಾಗಿ ಕಾಲು ನೆಲಕ್ಕೆ ತಾಗದಿದ್ದಾಗ ತಾನು ಎಲ್ಲಿದ್ದೇನೆಂಬ ಅರಿವೇ ಕಳಚಿದಂತಾಯಿತು. ಅವನು ಮುಂದೆ 1960ರ ದಶಕದಲ್ಲಿ ಕೆನಡಾದ ಯಾರ್ಕ್‌ಟನ್‌ನಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಇವೆಲ್ಲಕ್ಕೂ ಉತ್ತರ ಹುಡುಕಿದ. ಆ ಮನುಷ್ಯನ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ಇಷ್ಟನ್ನು ತಿಳಿಯಲು ಯಾರೂ ಯಾವ ಮದ್ದನ್ನೂ ನುಂಗಬೇಕಾಗಿಲ್ಲ. ನಿಮ್ಮ ಮಗ ಅದನ್ನು ಆಗಲೇ ಹೇಳಿದ್ದಾನೆ.

ಇನ್ನು ಮಾತು ದಿನಕ್ಕೊಂದಾಗುವುದು. ಅದೂ ಉಪಯೋಗಕ್ಕೆ ಬರುತ್ತದೆ. ಒಂದು ದಿನ ಅವನಿಗೆ ಕಿಟಕಿ ತೆರೆದಿರಬೇಕು, ಇನ್ನೊಂದು ದಿನ ಮುಚ್ಚಿರಬೇಕು ಎನ್ನಿಸಿದರೆ, ಕಿಟಕಿಯ ಹಿಡಿತ ಅವನ ಕೈಯಲ್ಲಿರಬೇಕು ಎಂದರ್ಥ. ದೀಪದ ಬೆಳಕನ್ನು ತಾನೇ ಏರಿಸಿ ಇಳಿಸುವ ಗುಂಡಿ, ಒಳಗಿನಿಂದ ಹಾಕಿಕೊಳ್ಳಬಲ್ಲ ಆದರೆ ಬೇಕಾದಾಗ ಸಿಬ್ಬಂದಿ ಹೊರಗಿನಿಂದ ತೆರೆಯಬಲ್ಲ ಚಿಲಕ, ಜನರ ನಡುವೆ ಇದ್ದೂ ಒಂದು ಮೂಲೆಯಲ್ಲಿ ಬೆನ್ನಿಗೆ ಗೋಡೆ ಸಿಗುವಂಥ ಆಸನ, ಇವೆಲ್ಲ ಹೀಗೆ ಒಂದಕ್ಕೊಂದು ತಾಳೆಯಾಗದ ಮಾತುಗಳಿಂದಲೇ ಹುಟ್ಟುತ್ತವೆ. ನಮ್ಮ ಗುಂಪಿನಲ್ಲೂ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ವಿಶಾಲವಾದ ಹಜಾರ ಬೇಕೆಂದು ಒಬ್ಬರು, ವಿಶಾಲವಾದರೆ ಉಸಿರು ಕಟ್ಟುತ್ತದೆ ಎಂದು ಇನ್ನೊಬ್ಬರು. ರೋಗಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡಬೇಕೆಂದು ಯಾರಾದರೂ ಬಯಸುತ್ತಿದ್ದರೆ, ಅವರಿಗೆ ಒಬ್ಬರ ಸಹಿ ಬೇಕಾಗಿದೆ, ಹಲವರ ಅನುಭವ ಬೇಕಾಗಿಲ್ಲ ಎಂದೇ ನಾನು ತಿಳಿಯುತ್ತೇನೆ.

ಮಗನನ್ನು ಸಭೆಗೆ ಬಲವಂತವಾಗಿ ಕರೆದೊಯ್ಯಬೇಡಿ. ಮನೆಯಲ್ಲೇ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡು, ಅವನ ಒಪ್ಪಿಗೆ ಪಡೆದು, ಕಳುಹಿಸಿಕೊಡಿ. ತಿದ್ದಬೇಡಿ.

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಮಾನಸಿಕ ಆರೋಗ್ಯ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದೇನೆ. ಕೇಳಿದ್ದನ್ನೆಲ್ಲ ಕೊಟ್ಟು ಒಂದು ಜೀವ ಹೋದರೆ ಹೊಣೆ ಹೊರುವವರು ನಾವು. ನಿಮ್ಮಂಥವರಿಗೆ ಇದು ಗೊತ್ತಿದೆಯೇ?

ಉತ್ತರ: ಗೊತ್ತಿದೆ. ನನ್ನ ಜೀವ ಉಳಿದಿರುವುದೇ ನಿಮ್ಮಂಥ ಒಬ್ಬರ ಎಚ್ಚರದಿಂದ. ಅವರ ಹೆಸರು ನನಗೆ ತಿಳಿಯದು. ಮುಖ ಮಾತ್ರ ನೆನಪಿದೆ. ಹಾಗಾಗಿ ಈ ಪ್ರಶ್ನೆಗೆ ಹಗುರವಾಗಿ ಉತ್ತರಿಸಲಾರೆ.

ಅಪಾಯಕ್ಕೆ ದಾರಿಯಾಗುವ ಕೊಕ್ಕೆ, ಕಂಬಿಗಳನ್ನು ತೆಗೆಯಲೇಬೇಕು. ಭಾರ ಬಿದ್ದರೆ ಕಳಚಿಕೊಳ್ಳುವ ಪರದೆಯ ಹಳಿ ಇರಬೇಕು. ಒಳಗಿನಿಂದ ಅಡ್ಡವಿಟ್ಟರೂ ಹೊರಕ್ಕೆ ತೆರೆಯುವ ಬಾಗಿಲು ಇರಬೇಕು. ನಮ್ಮ ಸಮಿತಿಯಲ್ಲಿ ಇವುಗಳಿಗಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಚಿಕಿತ್ಸೆ ಪಡೆದವರೇ. ಯಾವ ಮೂಲೆ ಅಪಾಯಕಾರಿ ಎಂದು ನಮಗೆ ಗೊತ್ತಿತ್ತು, ಏಕೆಂದರೆ ಆ ಮೂಲೆಗಳನ್ನು ಹುಡುಕಿದವರೂ ನಾವೇ.

ಆದರೆ ಸುರಕ್ಷತೆಯೂ ಕೋಳದಂತೆ ಕಾಣಬೇಕಾಗಿಲ್ಲ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ವರ್ತಕ ವಿಲಿಯಂ ಟ್ಯೂಕ್ 1796ರಲ್ಲಿ ತೆರೆದ ‘ರಿಟ್ರೀಟ್’ ಎಂಬ ಮಾನಸಿಕ ಚಿಕಿತ್ಸಾಲಯ ನೆನಪಾಗುತ್ತದೆ. ಅದಕ್ಕೆ ಕಾರಣ ಒಂದು ಸಾವು. ಹನ್ನಾ ಮಿಲ್ಸ್ ಎಂಬ ಕ್ವೇಕರ್ ಮಹಿಳೆ 1790ರಲ್ಲಿ ಅದೇ ನಗರದ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡಿದ್ದಳು, ಅವಳನ್ನು ನೋಡಲು ಅವಳ ಧರ್ಮಬಂಧುಗಳನ್ನು ಬಿಟ್ಟಿರಲಿಲ್ಲ. ಟ್ಯೂಕ್ ರಿಟ್ರೀಟಿನ ಕಿಟಕಿಗಳಿಗೆ ಕಬ್ಬಿಣದ ಚೌಕಟ್ಟನ್ನೇ ಹಾಕಿಸಿದ, ಆದರೆ ಮರದಂತೆ ಕಾಣುವ ಹಾಗೆ. ಬೀಗ ಬೋಲ್ಟುಗಳ ಸದ್ದು ಕೇಳದಂತೆ ಚರ್ಮ ಹೊದಿಸಿದ. ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ವರ್ತಕನಿಗೆ ಬೋಲ್ಟಿನ ಸದ್ದು ಎದೆಗೆ ನಾಟುತ್ತದೆಂದು ಹೊಳೆಯಿತು. ನಾನಿದ್ದ ವಾರ್ಡಿನ ಕಬ್ಬಿಣದ ಬಾಗಿಲು ರಾತ್ರಿ ಪಾಳಿ ಬದಲಾಗುವಾಗಲೆಲ್ಲ ಬಡಿದುಕೊಳ್ಳುತ್ತಿತ್ತು. ಒಂದೊಂದು ಬಡಿತಕ್ಕೂ ನಾಲ್ಕು ಜನ ಎದ್ದು ಕೂರುತ್ತಿದ್ದೆವು. ಒಂದು ರಬ್ಬರು ಪಟ್ಟಿ ಅಂಟಿಸಿದ್ದರೆ ಆಗುತ್ತಿತ್ತು. ಅದು ಯಾವ ಸುರಕ್ಷತೆಗೂ ಅಡ್ಡಿಯಲ್ಲ.

ನೀವು ಹದಿನೈದು ನಿಮಿಷಕ್ಕೊಮ್ಮೆ ಟಾರ್ಚು ಹಿಡಿದು ಬಂದು ಉಸಿರಾಡುತ್ತಿದ್ದೇವೆಯೇ ಎಂದು ನೋಡುತ್ತೀರಿ. ಅದು ನಿಮ್ಮ ಕರ್ತವ್ಯ. ಆ ಬೆಳಕು ಮುಖಕ್ಕೆ ಬಿದ್ದಾಗ ನನಗೆ ಪೊಲೀಸರು ಬಂದರು ಎನ್ನಿಸುತ್ತಿತ್ತು. ನಮ್ಮ ಸಮಿತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯ ಸಿಸ್ಟರ್ ತಾವೇ ಉತ್ತರ ಕೊಟ್ಟರು. ಬಾಗಿಲಿನ ಗಾಜಿಗೆ ಒಳಗಿನಿಂದಲೂ ಹೊರಗಿನಿಂದಲೂ ಸರಿಸಬಹುದಾದ ಪಟ್ಟಿ ಇರಲಿ, ಕೋಣೆಯಲ್ಲಿ ನೆಲಮಟ್ಟದ ಸಣ್ಣ ದೀಪ ಇರಲಿ, ಟಾರ್ಚು ಬೇಡವೇ ಬೇಡ ಎಂದರು. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು. ಅವರನ್ನೂ ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಹಾಗಾಗಿ ಸಿಸ್ಟರ್, ನಾನೂ ನೀವೂ ಎದುರುಬದುರು ಪಕ್ಷಗಳಲ್ಲ. ನೀವೂ ಆ ಸಮಿತಿಯಲ್ಲಿ ಇರಲೇಬೇಕು.

ಪ್ರಶ್ನೆ: ವಾರ್ಡಿನ ಗೋಡೆಗೆ ಯಾವ ಬಣ್ಣ ಒಳ್ಳೆಯದು? ನೀಲಿಯೋ ಹಸಿರೋ?

ಉತ್ತರ: ನನಗೆ ತಿಳಿಯದು. ಅಲ್ಲಿ ಇರುವವರನ್ನು ಕೇಳಿ. ನೆಲದ ಬಗ್ಗೆ ಮಾತ್ರ ಒಂದು ಮಾತು ಹೇಳಬಲ್ಲೆ. ತಿಳಿ ನೆಲದಲ್ಲಿ ಕಪ್ಪು ಚೌಕಗಳನ್ನು ಹಾಕಿಸಬೇಡಿ. ಕಂಗೆಟ್ಟವರಿಗೆ, ಮರೆವಿನ ಕಾಯಿಲೆಯ ವೃದ್ಧರಿಗೆ ಅವು ಗುಂಡಿಗಳಂತೆ ಕಾಣಬಹುದು. ಕನ್ನಡಿಯಂತೆ ಹೊಳೆಯುವ ನೆಲ ನೀರು ನಿಂತಂತೆ ಕಾಣಬಹುದು.

ಪ್ರಶ್ನೆ: ನಾನು ಖಿನ್ನತೆಗೆ ಒಳರೋಗಿಯಾಗಿ ಚಿಕಿತ್ಸೆ ಪಡೆದವಳು. ಹೊಸ ಆಸ್ಪತ್ರೆಯ ಸಮಿತಿಗೆ ಸದಸ್ಯೆಯಾಗಿ ಬನ್ನಿ ಎಂದು ಕರೆ ಬಂದಿದೆ. ಹೋಗಬೇಕೆನ್ನಿಸುತ್ತದೆ, ಭಯವೂ ಆಗುತ್ತದೆ. ಎಲ್ಲರ ಮುಂದೆ ನನ್ನ ಕಾಯಿಲೆಯ ಕಥೆ ಹೇಳಬೇಕೇ? ನನ್ನನ್ನು ಗೊಂಬೆಯಂತೆ ಕೂರಿಸುತ್ತಾರೆಯೇ?

ಉತ್ತರ: ಹೋಗಿ, ಆದರೆ ಕೆಲವು ಮಾತುಗಳನ್ನು ಮೊದಲೇ ಆಡಿಕೊಂಡು ಹೋಗಿ.

ನಿಮ್ಮ ಕಾಯಿಲೆಯ ಕಥೆ ಯಾರಿಗೂ ಸಲ್ಲಬೇಕಾದ ಕಪ್ಪಕಾಣಿಕೆಯಲ್ಲ. ‘ಬಚ್ಚಲ ಬಾಗಿಲು ಒಳಕ್ಕೆ ತೆರೆದರೆ ಕಷ್ಟ’ ಎಂದರೆ ಸಾಕು, ಏಕೆ ಗೊತ್ತೆಂದು ಹೇಳಬೇಕಾಗಿಲ್ಲ. ನನ್ನನ್ನು ಆಮೇಲಿನ ಒಂದು ಸಭೆಯಲ್ಲಿ ‘ನಿಮ್ಮ ಪಯಣ ಹಂಚಿಕೊಳ್ಳಿ’ ಎಂದರು. ಹಂಚಿಕೊಂಡೆ, ಎಲ್ಲರ ಕಣ್ಣು ತೇವವಾಯಿತು, ಸಭೆ ಮುಗಿಯಿತು. ಕಟ್ಟಡದ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರ ಮುಂದಿನ ಸಭೆಗೆ ನಾನು ಅಳತೆಯ ಟೇಪು ಹಿಡಿದು ಹೋದೆ.

ಒಬ್ಬರೇ ಹೋಗಬೇಡಿ. ಹನ್ನೆರಡು ಜನ ತಜ್ಞರ ನಡುವೆ ಒಬ್ಬರ ಮಾತು ಮುಳುಗಿಹೋಗುತ್ತದೆ. ಕನಿಷ್ಠ ಮೂವರಾದರೂ ಇರಬೇಕೆಂದು ಕೇಳಿ, ಅವರಲ್ಲಿ ಒಬ್ಬರಾದರೂ ತಮ್ಮ ಇಚ್ಛೆಗೆ ವಿರುದ್ಧವಾಗಿ ದಾಖಲಾಗಿದ್ದವರು ಇರಲಿ. ಚೆನ್ನಾಗಿ ಮಾತಾಡುವವರನ್ನು, ವಾಸಿಯಾಗಿ ಉದ್ಯೋಗದಲ್ಲಿರುವವರನ್ನು ಮಾತ್ರ ಆರಿಸಿದರೆ ವಾರ್ಡಿನ ಅರ್ಧ ಕಥೆ ಹೊರಗೇ ಉಳಿಯುತ್ತದೆ. ಸಭೆಯನ್ನು ಬೆಳಿಗ್ಗೆ ಬೇಡವೆನ್ನಿ, ರಾತ್ರಿಯ ಮಾತ್ರೆಯ ಮಂಪರು ಹನ್ನೊಂದರವರೆಗೂ ಇಳಿಯುವುದಿಲ್ಲ ಎಂಬುದು ನಿಮಗೂ ನನಗೂ ಗೊತ್ತು. ನಡುವೆ ಎದ್ದು ಹೊರಗೆ ಹೋಗಿ ಬರಲು ಯಾರ ಅಪ್ಪಣೆಯೂ ಬೇಕಾಗಬಾರದು. ಉಳಿದ ಸಲಹೆಗಾರರಿಗೆ ಸಂಭಾವನೆ ಇದ್ದರೆ ನಿಮಗೂ ಇರಬೇಕು. ಇದನ್ನು ಕೇಳಲು ಸಂಕೋಚಪಡಬೇಡಿ. ನಾನು ಸಂಕೋಚಪಟ್ಟು ಒಂದು ವರ್ಷ ಕಳೆದೆ, ಆ ಸಂಕೋಚದಿಂದ ಯಾರಿಗೂ ಉಪಕಾರವಾಗಲಿಲ್ಲ.

ಗೊಂಬೆಯಂತೆ ಕೂರಿಸುತ್ತಾರೆಯೇ ಎಂದಿರಿ. ಹಾಗೆ ಆಗುತ್ತಿದೆಯೇ ಎಂದು ತಿಳಿಯಲು ಒಂದು ಅಳತೆಗೋಲು ಇದೆ. ನಗರ ನೀತಿಯ ಬಗ್ಗೆ ಬರೆದ ಅಮೆರಿಕದ ಶೆರಿ ಅರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ತೀರಾ ಕೆಳಗಿನ ಮೆಟ್ಟಿಲು ಜನರನ್ನು ಬಳಸಿಕೊಳ್ಳುವುದು. ಅದರ ಮೇಲಿನದಕ್ಕೆ ಅವರು ಕೊಟ್ಟ ಹೆಸರೇ ‘ಚಿಕಿತ್ಸೆ’. ಎಂದರೆ, ಪಾಲ್ಗೊಳ್ಳಿ ಎಂದು ಕರೆದು, ಕೂರಿಸಿ, ಬಂದವರನ್ನೇ ಸರಿಪಡಿಸಲು ಹೊರಡುವುದು. ಇವೆರಡೂ ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು ಅವರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ನಡುವಿನ ಮೆಟ್ಟಿಲುಗಳು. ಪಾಲುದಾರಿಕೆ ಆರನೆಯದು. ‘ಸಭೆಗೆ ಬಂದರೆ ನಿಮಗೂ ಮನಸ್ಸು ಹಗುರವಾಗುತ್ತದೆ’ ಎಂದು ಯಾರಾದರೂ ನಿಮಗೆ ಹೇಳಿದರೆ ಎರಡನೆಯ ಮೆಟ್ಟಿಲಲ್ಲಿ ನಿಂತಿದ್ದೀರಿ ಎಂದು ತಿಳಿಯಿರಿ.

ಇನ್ನೊಂದೇ ಬೇಡಿಕೆ ಇಡಿ, ಅದನ್ನು ಬಿಟ್ಟುಕೊಡಬೇಡಿ. ಪ್ರತಿ ಸಭೆಯ ಮೊದಲಲ್ಲಿ, ಹಿಂದಿನ ಸಭೆಯಲ್ಲಿ ನೀವು ಹೇಳಿದ ಒಂದೊಂದು ಮಾತು ಏನಾಯಿತು ಎಂದು ಓದಿ ಹೇಳಬೇಕು. ಆಗಿದ್ದರೆ ಆಗಿದೆ, ಆಗದಿದ್ದರೆ ಏಕೆ ಆಗಲಿಲ್ಲ. ಆಗದು ಎಂಬ ಉತ್ತರವನ್ನು ನಾವು ತಾಳಿಕೊಳ್ಳಬಲ್ಲೆವು. ಹೇಳಿದ ಮಾತು ಎಲ್ಲಿಗೆ ಹೋಯಿತೆಂದೇ ತಿಳಿಯದಿರುವುದು ಮಾತ್ರ ವಾರ್ಡಿನಲ್ಲಿ ಕಳೆದ ದಿನಗಳನ್ನು ಮತ್ತೆ ಕಣ್ಣಮುಂದೆ ತರುತ್ತದೆ.

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಆಡಳಿತಾಧಿಕಾರಿ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಹಣವೂ ಹಿಡಿಯುತ್ತದೆ. ಕಟ್ಟಡದಿಂದ ರೋಗಿಗೆ ನಿಜವಾಗಿ ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ಆಧಾರವಿದೆಯೇ?

ಉತ್ತರ: ಕಟ್ಟಡದಿಂದ ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ಇದೆ. ರಾಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ಪ್ರಬಲ ನೋವುನಿವಾರಕಗಳೂ ಕಡಿಮೆ ಬೇಕಾದವು. ಅದು ಮಾನಸಿಕ ಆಸ್ಪತ್ರೆಯಲ್ಲ ಎನ್ನುತ್ತೀರಿ. ಅದೇ ಉಲ್ರಿಚ್ ಮತ್ತು ಸಂಗಡಿಗರು 2018ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಒಂದು ಮಾನಸಿಕ ಆಸ್ಪತ್ರೆಯ ಹೊಸ ಕಟ್ಟಡದ ಬಗ್ಗೆ ಬರೆದರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಪ್ರತ್ಯೇಕ ಬಚ್ಚಲು, ತೋಟ, ಹಗಲಿನ ಬೆಳಕು, ಸದ್ದು ಹೀರುವ ಗೋಡೆ ಚಾವಣಿ, ಜಾಗ ಬದಲಿಸಬಹುದಾದ ಕುರ್ಚಿಗಳು, ಹೀಗೆ ಹತ್ತು ಅಂಶಗಳು. ಹಳೆಯ ಕಟ್ಟಡಕ್ಕೆ ಹೋಲಿಸಿದರೆ ಅಲ್ಲಿ ರೋಗಿಗಳನ್ನು ಕಟ್ಟಿಹಾಕುವ ಪ್ರಸಂಗಗಳು ಸುಮಾರು ಅರ್ಧಕ್ಕೆ ಇಳಿದವು. ಕಟ್ಟಿಹಾಕಿಸಿಕೊಂಡವಳಾಗಿ ಆ ‘ಅರ್ಧ’ ಎಂಬ ಪದವನ್ನು ನಾನು ಎಷ್ಟು ಬಾರಿ ಓದಿದೆನೋ ಲೆಕ್ಕವಿಲ್ಲ.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಇವು ಕಟ್ಟಡದ ಬಗೆಗಿನ ಆಧಾರಗಳು, ಬಳಸುವವರನ್ನು ಕೇಳಿದ್ದರ ಬಗೆಗಿನವಲ್ಲ. ಒಳ್ಳೆಯದನ್ನು ತಾನೇ ಬಲ್ಲೆನೆಂದು ಹೊರಟರೆ ಏನಾಗುತ್ತದೆ ಎನ್ನುವುದಕ್ಕೆ ವೇಬರ್ನ್ ಆಸ್ಪತ್ರೆಯಲ್ಲೇ ಒಂದು ಪಾಠವಿದೆ. ಮನೋವಿಜ್ಞಾನಿ ರಾಬರ್ಟ್ ಸಾಮರ್ 1950ರ ದಶಕದಲ್ಲಿ ಅಲ್ಲಿನ ವೃದ್ಧೆಯರ ವಾರ್ಡಿಗೆ ಬಂದಾಗ ಕುರ್ಚಿಗಳೆಲ್ಲ ಗೋಡೆಗೆ ಒತ್ತಿ ಸಾಲಾಗಿದ್ದವು. ಗುಡಿಸಲು ಸುಲಭ, ನೋಡಲು ಅಚ್ಚುಕಟ್ಟು. ಪಕ್ಕಪಕ್ಕದಲ್ಲಿ ಕುಳಿತವರು ಎದುರಿನ ಶೂನ್ಯವನ್ನು ನೋಡುತ್ತಿದ್ದರು. ಸಾಮರ್ ಕುರ್ಚಿಗಳನ್ನು ಪುಟ್ಟ ಮೇಜುಗಳ ಸುತ್ತ ಇರಿಸಿದ. ಮೊದಮೊದಲು ಯಾರಿಗೂ ಹಿಡಿಸಲಿಲ್ಲ. ಕೆಲವು ವಾರಗಳಾದ ಮೇಲೆ ಅವರ ನಡುವಿನ ಮಾತುಕತೆ ಸುಮಾರು ಇಮ್ಮಡಿಯಾಯಿತು. ಸಾಮರ್ ಮಾಡಿದ್ದು ಒಳ್ಳೆಯದೇ. ಆದರೂ ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ, ಆ ಅಜ್ಜಿಯರನ್ನು ಮೊದಲೇ ಕರೆದು ಕೇಳಿದ್ದರೆ, ಕುರ್ಚಿಯನ್ನು ಅವರೇ ಎಲ್ಲಿಗೆ ಎಳೆದುಕೊಳ್ಳುತ್ತಿದ್ದರು?

ಹಣದ ಮಾತು. ರಟ್ಟಿನ ಗೋಡೆ ಸರಿಸುವುದಕ್ಕೂ ಇಟ್ಟಿಗೆಯ ಗೋಡೆ ಒಡೆಯುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮತ್ತೆ ಇದು ಕೇವಲ ಲಾಭ ನಷ್ಟದ ಪ್ರಶ್ನೆಯೂ ಅಲ್ಲ. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ದೀರ್ಘಕಾಲದ ಮಾನಸಿಕ ತೊಂದರೆಯಿರುವವರನ್ನೂ ಒಳಗೊಳ್ಳುತ್ತದೆ. ಅವರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನು ಅವರ ಸಂಘಟನೆಗಳ ಮೂಲಕ ಸಕ್ರಿಯವಾಗಿ ಸೇರಿಸಿಕೊಳ್ಳಬೇಕು ಎಂದು ಅದರ 4ನೆಯ ವಿಧಿ ಹೇಳುತ್ತದೆ. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಎಂಬ ಅಂಗವಿಕಲರ ಹಕ್ಕುಗಳ ಚಳವಳಿಯ ಮಾತಿಗೆ ಕಾನೂನಿನ ಭಾಷೆಯಲ್ಲಿ ಸಿಕ್ಕ ರೂಪ ಅದು.

ಪ್ರಶ್ನೆ: ನೀವು ಸಮಿತಿಯಲ್ಲಿದ್ದ ಆ ಆಸ್ಪತ್ರೆ ಕೊನೆಗೆ ಹೇಗಾಯಿತು? ಹೋಗಿ ನೋಡಿದ್ದೀರಾ?

ಉತ್ತರ: ನೋಡಿದ್ದೇನೆ. ರೋಗಿಗಳು ಬರುವ ಹಿಂದಿನ ವಾರ ನಮ್ಮನ್ನು ಕರೆದಿದ್ದರು. ಏಳು ಬಾರಿ ದಾಖಲಾಗಿದ್ದ ಆ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಕೇಳಿದ ಬಾಗಿಲು ಕಟ್ಟಡದ ಪಕ್ಕದಲ್ಲಿದೆ. ಒಂದು ವಾಹನ ಒಳಗೇ ಬಂದು ನಿಲ್ಲುವಷ್ಟು ಮರೆಯಿದೆ. ಒಳಗೆ ಕಾಲಿಟ್ಟೊಡನೆ ಕೂರಲು ಒಂದು ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ. ನಾನು ಆ ಬಾಗಿಲಿನಿಂದಲೇ ಒಳಗೆ ಹೋದೆ.

ಕೇಳಿದ್ದೆಲ್ಲ ಆಗಿಲ್ಲ. ರಾತ್ರಿ ಬಾಯಾರಿದರೆ ಯಾರನ್ನೂ ಕರೆಯದೆ ನೀರು ಕುಡಿಯುವ ವ್ಯವಸ್ಥೆ ಪ್ರತಿ ಮೊಗಸಾಲೆಯಲ್ಲೂ ಬೇಕೆಂದಿದ್ದೆವು, ಎರಡರಲ್ಲಿ ಮಾತ್ರ ಇದೆ. ತೋಟಕ್ಕೆ ಹೋಗುವ ಬಾಗಿಲಿಗೆ ಬೀಗವಿದೆ, ಹಗಲಲ್ಲಿ ತೆರೆದಿಡುತ್ತೇವೆ ಎಂದಿದ್ದಾರೆ. ಒಂದು ಕೋಣೆಯ ಮಂಚದ ಮೇಲೆ ಅನುಮತಿ ಕೇಳಿ ಮಲಗಿದೆ. ಬಾಗಿಲು ಕಣ್ಣಿಗೆ ಕಾಣುತ್ತಿತ್ತು. ದೀಪ ಆರಿಸಿ, ಜೊತೆಗಿದ್ದ ಸಿಸ್ಟರಿಗೆ ರಾತ್ರಿ ಪಾಳಿಯಲ್ಲಿ ಮಾಡುವಂತೆ ಒಮ್ಮೆ ಬಂದು ನೋಡಿ ಹೋಗಿ ಎಂದೆ. ಕಾಯುತ್ತಾ ಮಲಗಿದ್ದೆ. ಆಮೇಲೆ ಅವರು, ಆಗಲೇ ಎರಡು ಬಾರಿ ಬಂದು ಹೋದೆ ಎಂದರು. ನನಗೆ ಸದ್ದೇ ಕೇಳಿಸಿರಲಿಲ್ಲ.

ಗಡಿಯಾರದ ಮಾತು ಮಾತ್ರ ಉಳಿದಿದೆ. ವಾರ್ಡಿನಲ್ಲಿ ನನ್ನನ್ನು ಎರಡು ದಿನ ಒಂಟಿಯಾಗಿ ಇರಿಸಿದ್ದಾಗ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತು ಕಳೆಯಿತು, ಇನ್ನೆಷ್ಟು ಹೊತ್ತು ಕಳೆಯಬೇಕು ಎಂಬುದರ ಅಂದಾಜೇ ಇರಲಿಲ್ಲ. ಇಂಗ್ಲೆಂಡಿನಲ್ಲಿ 2015ರ ನಿಯಮಾವಳಿಯ ಪ್ರಕಾರ ಅಂಥ ಕೋಣೆಯಲ್ಲಿ ಇರಿಸಿದವರಿಗೆ ಸದಾ ಗಡಿಯಾರ ಕಾಣುವಂತಿರಬೇಕು. ನಮ್ಮ ಆಸ್ಪತ್ರೆಯಲ್ಲಿ ಹಜಾರದಲ್ಲಿ ಗಡಿಯಾರವಿದೆ, ಆ ಕೋಣೆಯಿಂದ ಕಾಣುವುದಿಲ್ಲ. ಮೂರು ಪತ್ರ ಬರೆದೆ, ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ. ಹೋದ ವಾರ ನಾಲ್ಕನೆಯದನ್ನು ಬರೆದು ಹಾಕಿದ್ದೇನೆ.